ಇಪ್ಪತ್ತಾರು ಗಂಟೆ

"ಈ ಕೊನೇ ಸಾಲಿನಲ್ಲಿರೋದು ನಮ್ಮಪ್ಪ."

ನೇವಾ ತಿರುಗಿ ನೋಡಿದಳು.

ಕಾರಿಡಾರಿನ ಗೋಡೆಗೆ ಅಂಟಿಸಿದ್ದ ಅವಳ ಪೋಸ್ಟರಿನ ಮುಂದೆ ಎತ್ತರದ ಗಂಡಸೊಬ್ಬ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಲಸದ ಬೂಟು. ಅವನ ಬೆರಳು ಪಟ್ಟಿಯ ಹನ್ನೆರಡನೇ ಸಾಲಿನ ಮೇಲಿತ್ತು.

ಗಂಡು. ಎಪ್ಪತ್ತೊಂದು ವರ್ಷ. ಸಾವಿನಿಂದ ಸಂಗ್ರಹದವರೆಗೆ ಇಪ್ಪತ್ತಾರು ಗಂಟೆ. ಕೈಬಿಡಲಾಗಿದೆ.

"ಇಲ್ಲಿ ಯಾರ ಹೆಸರೂ ಹಾಕಿಲ್ಲವಲ್ಲ..." ಅಂದಳು ನೇವಾ.

"ಹೆಸರು ಬೇಕಾಗಿಲ್ಲ. ಇಪ್ಪತ್ತಾರು ಗಂಟೆ ಅಂತ ಬರೆದಿದೀರಲ್ಲ, ಅಷ್ಟು ಸಾಕು."

ಅವನ ದನಿ ಏರಿರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಮಿದುಳು ದಾನ ಮಾಡಿದವರ ಮನೆಯವರು ವರ್ಷಕ್ಕೊಮ್ಮೆ ಆಕ್ಲೆಂಡಿನ ಮಿದುಳು ಸಂಗ್ರಹ ಕೇಂದ್ರಕ್ಕೆ ಬರುವ ದಿನ ಅದು. ಬೆಳಿಗ್ಗೆ ಪ್ರಾರ್ಥನೆ ಆಗಿತ್ತು, ಹಾಡು ಆಗಿತ್ತು. ಈಗ ಚಹಾ ಹಿಡಿದು ಎಲ್ಲರೂ ಓಡಾಡುತ್ತಿದ್ದರು. ಸಂಶೋಧನೆ ಮಾಡುವವರು ತಮ್ಮ ಪೋಸ್ಟರುಗಳ ಪಕ್ಕ ನಿಂತು ವಿವರಿಸಬೇಕಿತ್ತು. ನೇವಾ ಹೋದ ತಿಂಗಳ ಸಮ್ಮೇಳನಕ್ಕೆ ಮಾಡಿಸಿದ್ದ ಪೋಸ್ಟರನ್ನೇ ತಂದು ಅಂಟಿಸಿದ್ದಳು. ವಿಜ್ಞಾನಿಗಳಿಗಾಗಿ ಮಾಡಿದ ಪಟ್ಟಿಯನ್ನು ಮಕ್ಕಳು, ಹೆಂಡತಿಯರು ನಿಂತು ಓದುತ್ತಾರೆ ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

"ಕೈಬಿಡೋದು ಅಂದ್ರೆ ಏನು?" ಅವನು ಕೇಳಿದ.

"ನನ್ನ ಅಧ್ಯಯನ ನರಕೋಶದ ಪ್ರೋಟೀನುಗಳ ಮೇಲೆ ಕೂರೋ ಫಾಸ್ಫೇಟ್ ಗುರುತುಗಳದು. ಆ ಗುರುತು ಎಲ್ಲಿ ಕೂತಿದೆ ಅನ್ನೋದರ ಮೇಲೆ ಕೋಶ ಉಳಿಯುತ್ತೋ ಸಾಯುತ್ತೋ ಅಂತ ಹೇಳಬಹುದು. ಆದರೆ ಜೀವ ಹೋದ ಮೇಲೆ ಗಂಟೆಗಟ್ಟಲೆ ಬಿಟ್ಟರೆ ಅವು ಕಳಚಿ ಬೀಳ್ತವೆ. ಹಾಗಾಗಿ ತಡವಾಗಿ ಬಂದ ಮಾದರಿ... ಉಪಯೋಗಕ್ಕೆ ಬರಲ್ಲ."

ಬಾಯಿಪಾಠ ಒಪ್ಪಿಸಿದಂತೆ ಹೇಳಿಬಿಟ್ಟಳು. ಹೇಳಿದ ಮೇಲೆ ಅವನ ಮುಖ ನೋಡಿದಳು.

"ಬೇಡದಿದ್ದರೆ ವಾಪಸ್ ಕೊಡಿ," ಅಂದ ಅವನು. "ಮನೆಗೆ ಕರಕೊಂಡು ಹೋಗ್ತೀವಿ."

ಸತ್ತವರ ಬಳಿಯಿಂದ ಹೊರಡುವವರಿಗೆಂದು ಬಾಗಿಲ ಬಳಿ ಇಟ್ಟಿದ್ದ ಬಟ್ಟಲಿನ ನೀರು ಕೈಗೆ ತಾಗಿಸಿ, ತಲೆಗೆ ಚಿಮುಕಿಸಿಕೊಂಡು, ಹಿಂದೆ ನೋಡದೆ ಹೊರಟುಹೋದ.

ನೇವಾ ಪೋಸ್ಟರ್ ಪಕ್ಕದಲ್ಲಿ ನಿಲ್ಲಲಾರದೆ ಹೋದಳು. ಕೂರಲೂ ಆಗಲಿಲ್ಲ. ಚಹಾದ ಲೋಟಗಳನ್ನು ಒಟ್ಟುಮಾಡಿದಳು, ಯಾರೂ ಹೇಳಿರಲಿಲ್ಲ.

"ಆ ಲೋಟ ಇನ್ನೂ ತುಂಬಿದೆ ಕಣೇ," ಅಂದರು ಪಾಯೇ ಆಂಟಿ. ದಾನಿಗಳ ಮನೆಯವರ ಜೊತೆ ಮಾತಾಡುವುದು, ಅವರ ಪದ್ಧತಿಗಳನ್ನು ಇಲ್ಲಿಯವರಿಗೆ ಕಲಿಸುವುದು ಅವರ ಕೆಲಸ. ಇಡೀ ಕಟ್ಟಡಕ್ಕೆ ಅವರು ಆಂಟಿ. "ಹೋಹೆಪಾ ಜೊತೆ ಏನಾಯ್ತು?"

ಅವಳು ಹೇಳಿದಳು.

ಪಾಯೇ ಆಂಟಿ ಕಣ್ಣು ಮುಚ್ಚಿ ತೆರೆದರು. "ಆ ಇಪ್ಪತ್ತಾರು ಗಂಟೆ ಅವನದು ಮಗಳೇ. ಅಪ್ಪ ಸತ್ತದ್ದು ಇಲ್ಲಿ, ತಮ್ಮ ಹೆನಾರೆ ಮನೇಲಿ. ಇವನು ದೊಡ್ಡ ಮಗ, ಇದ್ದದ್ದು ಪೂರ್ವ ಕರಾವಳೀಲಿ. ಬಿರುಗಾಳಿಗೆ ಗುಡ್ಡ ಕುಸಿದು ರಸ್ತೆ ಹೋಗಿತ್ತು. ನಾನು ಬರೋವರೆಗೂ ಅಪ್ಪನ್ನ ಮುಟ್ಟಬೇಡಿ ಅಂತ ಫೋನ್ ಮಾಡಿದ. ಮನೆಯವರು ಕಾದರು. ಈಗ ಹೆನಾರೆ ಮಾತೆತ್ತಿದರೆ ಅದನ್ನೇ ಅಂತಾನೆ. ಅಪ್ಪನ ಕೊನೇ ಆಸೇನ ನೀನು ಹಾಳುಮಾಡಿದೆ ಅಂತ."

ನೇವಾಳ ಕೈಯಲ್ಲಿ ಲೋಟ ಹಾಗೇ ಇತ್ತು.

ಹಾಳುಮಾಡಿದೆ ಅಂತ ನಾನೂ ಹೇಳಿದೆ... ಗೋಡೆ ಮೇಲೆ ಅಚ್ಚುಹಾಕಿಸಿ ಹೇಳಿದೆ.

* * *

ಒಂಬತ್ತು ದಿನ ತಡೆದಳು. ಆಮೇಲೆ ಪಾಯೇ ಆಂಟಿಯಿಂದ ಅವನ ಒಪ್ಪಿಗೆ ಕೇಳಿಸಿ, ನಂಬರ್ ತೆಗೆದುಕೊಂಡು ಫೋನ್ ಮಾಡಿದಳು.

"ಕ್ಷಮೆ ಕೇಳಬೇಕಿತ್ತು," ಅಂದಳು.

"ಕೇಳಿ," ಅಂದ ಅವನು. "ಬೇಗ ಕೇಳಿ. ಮುಂದಿನ ತಿರುವು ದಾಟಿದರೆ ಸಿಗ್ನಲ್ ಇರಲ್ಲ."

ಅವಳಿಗೆ ಅನಿರೀಕ್ಷಿತವಾಗಿ ನಗು ಬಂತು. ಅವನೂ ನಕ್ಕಿರಬೇಕು. ಲಾರಿ ಪಕ್ಕಕ್ಕೆ ನಿಂತ ಸದ್ದು ಕೇಳಿಸಿತು.

ಅವನು ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ತೋಪಿನಿಂದ ಗಿಸ್ಬರ್ನ್ ಬಂದರಿಗೆ, ಬಂದರಿನಿಂದ ತೋಪಿಗೆ. ಅವಳು ಡಾರ್ಗವಿಲ್ಲಿನ ಗೆಣಸು ಬೆಳೆಯುವವರ ಮಗಳು. ಅದು ಗೊತ್ತಾದ ಮೇಲೆ ಅವನು ಅವಳನ್ನು ಡಾಕ್ಟರ್ ಗೆಣಸು ಅಂದ.

"ಇನ್ನೂ ಡಾಕ್ಟರ್ ಆಗಿಲ್ಲ."

"ಗೆಣಸು ಮಾತ್ರವಾ ಹಾಗಿದ್ರೆ?"

ಅದು ಮೂರನೇ ಫೋನು. ಅಷ್ಟು ಹೊತ್ತಿಗೆ ನೀವು ಹೋಗಿ ನೀನು ಬಂದಿತ್ತು. ಯಾರು ಮೊದಲು ಬದಲಾಯಿಸಿದರು ಅಂತ ಇಬ್ಬರಿಗೂ ನೆನಪಿರಲಿಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ಅವನ ಲಾರಿ ಖಾಲಿಯಾಗುತ್ತಿತ್ತು. ನೇವಾ ಮೂರೂವರೆಗೇ ಕೈಗವಸು ಕಳಚಿ ಕಟ್ಟಡದ ಹಿಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ತನಗೇನಾಗಿದೆ ಅಂತ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಬರುವ ಮೊದಲೇ ಫೋನ್ ಬರುತ್ತಿತ್ತು.

"ಅಪ್ಪ ಯಾಕೆ ಕೊಟ್ಟರು?" ಒಮ್ಮೆ ಕೇಳಿದಳು.

"ಕಾಗದಕ್ಕೆ ಸಹಿ ಹಾಕುವಾಗ ಏನಂದ ಗೊತ್ತಾ? ಬದುಕಿದ್ದಾಗ ಈ ತಲೆ ಏನು ಹೇಳಿದರೂ ನೀವು ಯಾರೂ ಕೇಳಲಿಲ್ಲ, ಕೇಳೋವರ ಹತ್ತಿರ ಕಳಿಸ್ತೀನಿ ಅಂದ." ಅವನು ಇಂಜಿನ್ ಆರಿಸಿದ್ದು ಕೇಳಿಸಿತು. "ಕೈ ಎಷ್ಟು ನಡುಗ್ತಿತ್ತು ಅಂದ್ರೆ, ಸಹಿ ಹಾಕೋಕೆ ಕಾಲು ಗಂಟೆ ಹಿಡೀತು. ಹೆನಾರೆ ಕೈ ಹಿಡಿಯೋಕೆ ಹೋದ. ಬೈದ."

ಏಪ್ರಿಲ್ ಮೊದಲ ವಾರ ಅವನು ಫಾಸ್ಫೇಟಿನ ವಿಷಯ ಮತ್ತೆ ತೆಗೆದ. "ಆ ಗುರುತು ಅಂದೆಯಲ್ಲ. ಇನ್ನೊಂದ್ಸಲ ಹೇಳು. ನನಗೆ ಅರ್ಥ ಆಗೋ ಹಾಗೆ."

"ಒಂದು ಪ್ರೋಟೀನಿಗೆ ಚಿಕ್ಕದೊಂದು ಅಣುಗುಂಪು ಅಂಟಿಕೊಳ್ಳುತ್ತೆ. ಅಂಟಿದರೆ ಅದರ ಕೆಲಸವೇ ಬದಲಾಗುತ್ತೆ. ಕೋಶ ಬದುಕಿರುವಾಗ ಅಂಟಿಸೋರೂ ಇರ್ತಾರೆ, ಕೀಳೋರೂ ಇರ್ತಾರೆ. ಸತ್ತ ಮೇಲೆ ಅಂಟಿಸೋರು ಕೆಲಸ ನಿಲ್ಲಿಸ್ತಾರೆ. ಕೀಳೋರು ಸ್ವಲ್ಪ ಹೊತ್ತು ಕೀಳ್ತಾನೇ ಇರ್ತಾರೆ."

"ಓ. ದಿಮ್ಮಿ ತುದಿಗೆ ಸೀಮೆಸುಣ್ಣ ಹಾಕಿದ ಹಾಗೆ. ಮಳೆ ಬಂದರೆ ಯಾವ ದಿಮ್ಮಿ ಯಾರದು ಅಂತ ತಿಳಿಯಲ್ಲ."

"ಸರಿಯಾಗಿ ಹೇಳಿದೆ."

"ಅದಕ್ಕೇ ನಾವು ಸುತ್ತಿಗೆಯಲ್ಲಿ ಮುದ್ರೆ ಹೊಡೀತೀವಿ. ಮರದೊಳಗೇ ಇಳಿಯುತ್ತೆ. ಸಮುದ್ರಕ್ಕೆ ಬಿದ್ದರೂ ಹೋಗಲ್ಲ. ನಿಮ್ಮಲ್ಲಿ ಅಂಥದ್ದು ಇಲ್ವಾ?"

ನೇವಾ ನಡೆಯುತ್ತಿದ್ದವಳು ನಿಂತಳು.

ಇತ್ತು. ಕೋಶ ಒಳಗೊಳಗೇ ಬೇಯುವಾಗ ಪ್ರೋಟೀನಿನ ಮೈಮೇಲೆ ಬೀಳುವ ಬರೆ, ನೈಟ್ರೋ ಗುರುತು. ಅದನ್ನು ಕೀಳುವವರು ಯಾರೂ ಇಲ್ಲ ಅನ್ನಬಹುದು. ಅದರ ಬಗ್ಗೆ ಬೇರೆಯವರು ಬರೆದದ್ದನ್ನು ಓದಿದ್ದಳು. ತನ್ನ ಪಟ್ಟಿಯ ಹನ್ನೆರಡೂ ಮಂದಿಯಲ್ಲಿ ಅದನ್ನು ನೋಡಬೇಕು ಅನ್ನಿಸಿರಲಿಲ್ಲ.

"ಇದ್ದೀಯಾ?" ಅಂದ ಹೋಹೆಪಾ.

"ಇದೀನಿ," ಅಂದಳು. ಬೇರೇನೂ ಹೇಳಲಿಲ್ಲ.

* * *

ಒಂಬತ್ತನೇ ತಾರೀಕು ಹನ್ನೆರಡು ಮಂದಿಯ ಮಿದುಳಿನಿಂದಲೂ ಹನ್ನೆರಡು ಹನ್ನೆರಡು ತೆಳು ಪದರ ಕತ್ತರಿಸಿ ಗಾಜಿನ ಸ್ಲೈಡಿಗೆ ಹತ್ತಿಸಿದಳು. ಆಮೇಲೆ ಪಕ್ಕದ ಮೇಜಿನ ಗೆಳತಿ ಎಲ್ಲ ಗುರುತುಚೀಟಿಗಳ ಮೇಲೂ ಬೇರೆ ಚೀಟಿ ಅಂಟಿಸಿ, ಬರೀ ಅಕ್ಷರ ಬರೆದು, ಯಾವುದು ಯಾರದು ಅನ್ನುವ ಪಟ್ಟಿಯನ್ನು ತನ್ನ ಡ್ರಾಯರಿನಲ್ಲಿ ಬೀಗ ಹಾಕಿಟ್ಟಳು. ಎಣಿಸುವವರಿಗೆ ಗೊತ್ತಿದ್ದರೆ ಕಣ್ಣು ಬೇಕಾದ್ದನ್ನೇ ಕಾಣುತ್ತದೆ. ಎಣಿಕೆ ಮುಗಿಯುವವರೆಗೆ ಯಾರಿಗೂ ಹೇಳುವಂತಿಲ್ಲ. ಅದು ಅಲ್ಲಿನ ಕಟ್ಟುನಿಟ್ಟು.

ಹೇಳದಿರುವುದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಹೋಹೆಪಾನಿಗೆ ಹೇಳಬೇಕಿತ್ತು ಅನ್ನುವ ಯೋಚನೆ ಬಂದಾಗ ಅದನ್ನೂ ಆ ಕಟ್ಟುನಿಟ್ಟಿನೊಳಗೇ ಸೇರಿಸಿಬಿಟ್ಟಳು. ಸುಮ್ಮನೆ ಆಸೆ ಹುಟ್ಟಿಸಿ ಮತ್ತೆ ಏನೂ ಇಲ್ಲ ಅನ್ನುವುದು ಹೇಗೆ...

ತಿಂಗಳುಗಳು ಹೋದವು. ಪ್ರತಿಯೊಬ್ಬರ ಮೊದಲ ಆರು ಸ್ಲೈಡುಗಳಿಗೆ ಬಣ್ಣ ಹಿಡಿಸಿ ಎಣಿಸಿದಳು. ಮಿದುಳಿನ ನಡುವೆ ಇರುವ ಕಪ್ಪು ನರಕೋಶಗಳು. ಆ ಹನ್ನೆರಡೂ ಮಂದಿಗಿದ್ದ, ಕೈ ನಡುಗಿಸುವ ಕಾಯಿಲೆಯಲ್ಲಿ ಅವು ಸಾಯುತ್ತವೆ, ಕೆಲವು ಮಾತ್ರ ಹೇಗೋ ಉಳಿಯುತ್ತವೆ. ಒಂದು ಅಕ್ಷರದ ಸ್ಲೈಡುಗಳನ್ನು ಅವಳು ಮತ್ತೆ ಮತ್ತೆ ನೋಡಿದಳು. ಜಿ. ಕುಗ್ಗಿ ಸಾಯುತ್ತಿದ್ದ ಕೋಶಗಳಲ್ಲಿ ಬರೆಯ ಗುರುತು ದಟ್ಟವಾಗಿತ್ತು. ಪಕ್ಕದಲ್ಲೇ ದುಂಡಗೆ ಉಳಿದುಕೊಂಡಿದ್ದ ಕೋಶಗಳಲ್ಲಿ ಇಲ್ಲವೆನ್ನುವಷ್ಟು ತೆಳು. ಮಿಕ್ಕ ಹನ್ನೊಂದರಲ್ಲಿ ಇಷ್ಟು ನಿಚ್ಚಳವಾಗಿ ಇರಲಿಲ್ಲ.

ಇದು ನಾಲ್ಕೈದು ಗಂಟೆಯೊಳಗೆ ಬಂದ ಮಾದರಿ ಇರಬೇಕು ಅಂದುಕೊಂಡಳು.

ಆಗಸ್ಟಿನಲ್ಲಿ ಪಾಯೇ ಆಂಟಿ ಅವಳ ಮೇಜಿನ ಬಳಿ ಬಂದು ನಿಂತರು. ಹೋಹೆಪಾನ ಅಪ್ಪ ಎರುವೆರಾ ತಂಗಾಯೆರೆ ಅವರ ಮನೆಯವರು ಅರ್ಜಿ ಕಳಿಸಿದ್ದರು. ಅಕ್ಟೋಬರಿನಲ್ಲಿ ಸಮಾಧಿಯ ಕಲ್ಲಿನ ಮುಸುಕು ತೆಗೆಯುವ ದಿನ, ಉಳಿದದ್ದನ್ನೂ ಮಣ್ಣಿಗೆ ಸೇರಿಸಬೇಕು. ಎಲ್ಲ ವಾಪಸ್ ಬೇಕು.

ವಾಪಸ್ ಕೊಡಬೇಕಾದರೆ ಯಾವುದು ಅವರದು ಅಂತ ತಿಳಿಯಬೇಕು. ಗೆಳತಿ ಡ್ರಾಯರ್ ತೆರೆದಳು. ಆ ಒಂದು ಸಾಲನ್ನು ಮಾತ್ರ ಓದಿದಳು.

ಜಿ.

ನೇವಾ ಕಿಟಕಿಯ ಹತ್ತಿರ ಹೋದಳು. ಮತ್ತೆ ಮೇಜಿಗೆ ಬಂದಳು. ಮತ್ತೆ ಕಿಟಕಿಗೆ ಹೋದಳು.

ಇಪ್ಪತ್ತಾರು ಗಂಟೆ... ಈ ಗುರುತನ್ನು ಅಳಿಸಿರಲಿಲ್ಲ.

"ಬಣ್ಣ ಹಿಡಿಸಿ ಎಣಿಸಿದ್ದು ಆರು. ಇನ್ನೂ ಮುಟ್ಟದ್ದು ಆರು," ಅಂದಳು ಗೆಳತಿ ಮೆಲ್ಲಗೆ. "ಇವೆಲ್ಲ ಹೊರಡೋದು ಅಕ್ಟೋಬರಿಗೆ. ಅಷ್ಟರೊಳಗೆ ಎಣಿಸಿದರೆ ಯಾರಿಗೆ ಗೊತ್ತಾಗುತ್ತೆ?"

ಎರಡು ದಿನದ ಕೆಲಸ. ಅರ್ಧ ಎಣಿಕೆಯನ್ನು ಬರೆಯುವಂತಿಲ್ಲ, ಪೂರ್ತಿಯಾದರೆ ಅವಳ ಪ್ರಬಂಧದ ಒಂದು ಅಧ್ಯಾಯವೇ ಬದಲಾಗುತ್ತಿತ್ತು.

"ಅವರು ಕೇಳಿದಾರೆ," ಅಂದಳು ನೇವಾ. ಮಿದುಳಿನ ಉಳಿದ ಭಾಗವಿದ್ದ ಡಬ್ಬಿಯನ್ನೂ ಹನ್ನೆರಡು ಸ್ಲೈಡುಗಳನ್ನೂ ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಪಾಯೇ ಆಂಟಿಯ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಜೇಬಿನೊಳಗೆ ತೂರಿಸಿದಳು.

ಗುರುವಾರ ಅವನಿಗೆ ಎಲ್ಲ ಹೇಳಬೇಕು ಅಂದುಕೊಂಡಳು.

ಬುಧವಾರವೇ ಅವನ ಫೋನ್ ಬಂತು.

"ವಾಪಸ್ ಬರೋದರ ಪಟ್ಟಿ ಕಳಿಸಿದಾರೆ ಆಂಟಿ. ಅದರಲ್ಲಿ ಹನ್ನೆರಡು ಸ್ಲೈಡು. ಕತ್ತರಿಸಿದ್ದು ಏಪ್ರಿಲ್ ಒಂಬತ್ತು."

"ಹೋಹೆಪಾ..."

"ನಾನು ಮುದ್ರೆ ವಿಷಯ ಹೇಳಿದ ಮರುವಾರ. ಆಮೇಲೆ ನಾಲ್ಕು ತಿಂಗಳು ನನ್ನ ಜೊತೆ ಮಾತಾಡಿದೀಯ. ನಮ್ಮಪ್ಪ ನಿನ್ನ ಮೇಜಿನ ಮೇಲಿದ್ದ. ಒಂದು ಸಲಾನೂ ಹೇಳಲಿಲ್ಲ."

"ಎಣಿಕೆ ಮುಗಿಯೋವರೆಗೂ ನಮ್ಮಲ್ಲಿ..."

"ನಾನು ನಿಮ್ಮಲ್ಲಿ ಒಬ್ಬನಲ್ಲ ನೇವಾ." ಅವನು ಅವಳ ಹೆಸರು ಹಿಡಿದು ಕರೆದದ್ದು ಅಪರೂಪ. "ಫೋನ್ ಮಾಡ್ತಿದ್ದದ್ದು ಯಾತಕ್ಕೆ? ನಿನಗೆ ಬೇಕಾಗಿದ್ದದ್ದು ನಾನಾ, ಅಪ್ಪನ ತಲೆಯಾ?"

ಅವಳು ಬಾಯಿ ತೆರೆದಳು. ಸ್ಲೈಡಿನಲ್ಲಿ ಕಂಡದ್ದನ್ನು ಈಗ ಹೇಳಿದರೆ, ಕೊಡಬೇಡಿ ಇಟ್ಟುಕೊಳ್ಳುತ್ತೇನೆ ಅಂತ ಬೇಡಿದ ಹಾಗೆ ಕೇಳಿಸುತ್ತದೆ. ಹೇಳದಿದ್ದರೆ...

ಹೇಳಲಿಲ್ಲ. ಆ ಕಡೆಯಿಂದ ಲಾರಿ ಹೊರಟ ಸದ್ದು ಕೇಳಿಸಿತು.

ಆಮೇಲಿನ ಆರು ವಾರ ಅವಳು ತಪ್ಪದೆ ಕೆಲಸಕ್ಕೆ ಹೋದಳು. ಗುರುವಾರ ನಾಲ್ಕಕ್ಕೆ ತನ್ನಷ್ಟಕ್ಕೆ ಕೈಗವಸು ಕಳಚುತ್ತಿದ್ದಳು, ಮತ್ತೆ ಹಾಕಿಕೊಳ್ಳುತ್ತಿದ್ದಳು. ಒಂದು ಸಲ ನಂಬರ್ ಒತ್ತಿದಳು. ರಿಂಗಾಗುವ ಮೊದಲೇ ಇಟ್ಟಳು.

* * *

"ನೀನು ಬರ್ತಿದೀಯ," ಅಂದರು ಪಾಯೇ ಆಂಟಿ ಅಕ್ಟೋಬರಿನಲ್ಲಿ. "ಅವರನ್ನ ಕತ್ತರಿಸಿದ ಕೈ ಅವರನ್ನ ಮನೆಗೂ ಮುಟ್ಟಿಸಬೇಕು. ನಾನು ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ಏಳೆಂಟು ಗಂಟೆಯ ದಾರಿ. ಪೆಟ್ಟಿಗೆ ನೇವಾಳ ಮಡಿಲಲ್ಲಿತ್ತು. ಅವಳು ಒಂದು ಕಡೆಯೂ ಒರಗಿ ಕೂರಲಿಲ್ಲ.

ಕಡಲಿಗೆ ಮುಖ ಮಾಡಿದ ಕುಲದ ಸಭಾಮನೆ. ಅಂಗಳದಲ್ಲಿ ಹೆಂಗಸಿನ ದನಿ ಹಾಡಿನಂತೆ ಕರೆದು ಸ್ವಾಗತಿಸಿತು, ಪಾಯೇ ಆಂಟಿ ಉತ್ತರ ಕೊಡುತ್ತ ಮುಂದೆ ನಡೆದರು. ಮೂಗಿಗೆ ಮೂಗು ತಾಗಿಸಿ ಬರಮಾಡಿಕೊಳ್ಳುವ ಸಾಲಿನಲ್ಲಿ ಹೋಹೆಪಾ ಏಳನೆಯವನು. ಅವನ ಹಣೆ ಅವಳ ಹಣೆಗೆ ತಾಗಿತು. ಉಸಿರು ಒಂದು ಕ್ಷಣ ಸೇರಿತು. ಅವನು ಕಣ್ಣು ತೆರೆಯಲಿಲ್ಲ. ಅವಳು ಮುಂದಕ್ಕೆ ಸರಿಯಬೇಕಾಯಿತು.

ಒಳಗೆ ಚಾಪೆಯ ಮೇಲೆ ಪೆಟ್ಟಿಗೆ ಇಟ್ಟರು. ಎರುವೆರಾ ಅವರ ತಂಗಿ, ಎಲ್ಲರ ವೈ ಅತ್ತೆ, ಅದರ ಪಕ್ಕ ಕೂತರು. ಅವರ ಹಿಂದೆ ಹೆನಾರೆ, ಬಾಗಿಲ ಹತ್ತಿರ ಹೋಹೆಪಾ. ಅಣ್ಣತಮ್ಮಂದಿರ ನಡುವೆ ಹತ್ತು ಜನ ಕೂರುವಷ್ಟು ಜಾಗ ಖಾಲಿ ಇತ್ತು.

"ನಮ್ಮಣ್ಣ ಪೂರ್ತಿ ಬಂದನಾ?" ಕೇಳಿದರು ವೈ ಅತ್ತೆ.

"ಪೂರ್ತಿ," ಅಂದರು ಪಾಯೇ ಆಂಟಿ. "ಆರು ಗಾಜು ಈ ಹುಡುಗಿ ಎಣಿಸಿದಾಳೆ. ಆರು ಹಾಗೇ ಇವೆ. ನಿಮ್ಮ ಕಾಗದ ಬಂದ ದಿನ ಎತ್ತಿಟ್ಟಳು. ಎರಡು ದಿನ ಕೂತಿದ್ದರೆ ಮುಗಿಸಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ."

ಹೋಹೆಪಾ ತಲೆ ಎತ್ತಿದ.

"ಯಾಕೆ ನಿಲ್ಲಿಸಿದೆ?" ವೈ ಅತ್ತೆ ನೇವಾಳನ್ನೇ ಕೇಳಿದರು.

"ನೀವು ಕೇಳಿದ್ರಿ, ಅದಕ್ಕೆ."

"ಎಣಿಸಿದ್ದರಲ್ಲಿ ಏನಿತ್ತು?"

ನೇವಾ ಪಾಯೇ ಆಂಟಿಯ ಕಡೆ ನೋಡಿದಳು. ಅವರು ಹೇಳು ಅನ್ನುವಂತೆ ಗಲ್ಲ ಎತ್ತಿದರು. ಈಗ ಬೇಡುವಂಥದ್ದು ಏನೂ ಉಳಿದಿರಲಿಲ್ಲ. ಪೆಟ್ಟಿಗೆ ಮನೆ ಸೇರಿತ್ತು.

"ಪ್ರೋಟೀನಿನ ಮೇಲೆ ಬೀಳೋ ಒಂದು ಬರೆ. ಸಾಯ್ತಿದ್ದ ನರಕೋಶಗಳಲ್ಲಿ ಅದು ದಟ್ಟವಾಗಿದೆ. ಉಳಿದವುಗಳಲ್ಲಿ ಹೆಚ್ಚುಕಡಿಮೆ ಇಲ್ಲ. ಅವು ಯಾಕೆ ತಪ್ಪಿಸಿಕೊಂಡವು ಅಂತ ಗೊತ್ತಾದರೆ... ಅಲ್ಲಿಂದ ಮುಂದೆ ಹುಡುಕಬಹುದು. ಒಬ್ಬರನ್ನ ನೋಡಿ ಏನೂ ಸಾಬೀತಾಗಲ್ಲ. ಆದರೆ ಹನ್ನೆರಡು ಜನರಲ್ಲಿ ಇಷ್ಟು ಚೆನ್ನಾಗಿ ಕಂಡದ್ದು ಇವರಲ್ಲಿ. ಯಾರದು ಅಂತ ಗೊತ್ತಿಲ್ಲದೇ ನೋಡಿದೆ. ಬೇಗ ಬಂದ ಮಾದರಿ ಅಂತಲೇ ಅಂದುಕೊಂಡಿದ್ದೆ."

"ಬೇಗ ಬರಲಿಲ್ಲವಲ್ಲ," ಅಂದ ಹೆನಾರೆ.

"ಇಲ್ಲ. ಅಷ್ಟು ತಡವಾಗಿದ್ದಕ್ಕೆ ನಾನು ಮೊದಲು ಹುಡುಕ್ತಿದ್ದ ಗುರುತು ಹೋಯಿತು. ಇದು ಹೋಗಲಿಲ್ಲ. ನಿಮ್ಮ ಅಣ್ಣನಿಗೆ ಕಾದದ್ದರಿಂದ ಇದಕ್ಕೆ ಏನೂ ಆಗಿಲ್ಲ. ಕೈಬಿಡಲಾಗಿದೆ ಅಂತ ಬರೆದವಳು ನಾನು. ಅದು ನನ್ನ ತಪ್ಪು. ನಿಮ್ಮ ಮನೆಯವರದಲ್ಲ."

ಹೆನಾರೆ ಎದ್ದ. ಖಾಲಿ ಜಾಗ ದಾಟಿ ಹೋಗಿ ಅಣ್ಣನ ಪಕ್ಕ ಕೂತ. ಭುಜಕ್ಕೆ ಭುಜ ತಾಗಿಸಿ ಕೂತ, ಅಷ್ಟೆ. ಹೋಹೆಪಾ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ.

ವೈ ಅತ್ತೆ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡರು.

"ನಲವತ್ತು ವರ್ಷ ಕುರಿ ಉಣ್ಣೆ ಕತ್ತರಿಸಿದ ಮನುಷ್ಯ. ಒಂದು ದಿನವೂ ಅರ್ಧ ಬೋಳಿಸಿದ ಕುರಿ ಬಿಟ್ಟು ಊಟಕ್ಕೆ ಎದ್ದವನಲ್ಲ. ಇವನನ್ನ ಅರ್ಧ ಎಣಿಸಿ ಹೂಳಿದರೆ ನನಗೆ ನೆಮ್ಮದಿ ಕೊಡ್ತಾನಾ?" ಹುಡುಗರ ಕಡೆ ತಿರುಗಿದರು. "ಮುಟ್ಟದ ಆರು ಗಾಜು ಈ ಹುಡುಗಿ ಜೊತೆ ಹೋಗಲಿ. ಮುಗಿದ ಮೇಲೆ ತಾನೇ ತಂದು ಕೊಡಲಿ. ಬೇರೆ ಯಾರ ಕೈಯಲ್ಲೂ ಕಳಿಸಕೂಡದು. ಏನಂತೀರಿ?"

"ಹೂಂ," ಅಂದ ಹೆನಾರೆ.

ಹೋಹೆಪಾ ತಲೆಯಾಡಿಸಿದ. ಅವನ ಕಣ್ಣು ನೇವಾಳ ಮೇಲಿತ್ತು.

* * *

ಮರುದಿನ ಬೆಳಿಗ್ಗೆ ಕಲ್ಲಿನ ಮುಸುಕು ತೆಗೆದರು. ಮಿಕ್ಕದ್ದನ್ನು ಮಣ್ಣಿಗೆ ಕೊಟ್ಟರು. ಮಧ್ಯಾಹ್ನ ಊಟದ ಮನೆಯಲ್ಲಿ ಇನ್ನೂರು ಜನ. ಹಂದಿಮಾಂಸ, ಸೊಪ್ಪು, ಗೆಣಸು, ಕಡಲೇಡಿ, ಆವಿಯಲ್ಲಿ ಬೇಯಿಸಿದ ಪುಡಿಂಗು. ಅತಿಥಿಗಳ ಮೇಜಿನಲ್ಲಿ ನೇವಾ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು.

ಹೆಗಲಿಗೆ ಏನೋ ಬಂದು ಬಿತ್ತು. ಪಾತ್ರೆ ಒರೆಸುವ ಬಟ್ಟೆ.

"ತಿಂದಾಯ್ತಾ?" ಅಡುಗೆಮನೆಯ ಬಾಗಿಲಲ್ಲಿ ವೈ ಅತ್ತೆ. "ಹೊರಗೆ ಕೂರೋದು ಅತಿಥಿಗಳು. ಒಳಗೆ ಬಾ."

ಪಾಯೇ ಆಂಟಿ ಪುಡಿಂಗಿನಿಂದ ತಲೆ ಎತ್ತಲೇ ಇಲ್ಲ. ತುಟಿ ಮಾತ್ರ ನಕ್ಕಿತು.

ಒಳಗೆ ಹಬೆ. ದೊಡ್ಡ ತೊಟ್ಟಿಯ ಮುಂದೆ ಹೋಹೆಪಾ ಮೊಣಕೈವರೆಗೆ ನೊರೆಯಲ್ಲಿದ್ದ. ಅವಳು ಪಕ್ಕದಲ್ಲಿ ನಿಂತು ತಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಹತ್ತು ತಟ್ಟೆ... ಹದಿನೈದು...

"ಅವತ್ತು ಫೋನಿನಲ್ಲಿ ಯಾಕೆ ಹೇಳಲಿಲ್ಲ?" ಅವನು ತೊಟ್ಟಿಯನ್ನೇ ನೋಡುತ್ತ ಕೇಳಿದ. "ಸ್ಲೈಡಿನಲ್ಲಿ ಕಂಡದ್ದು."

"ಹೇಳಿದ್ದರೆ ಕೊಡ್ತಿದ್ದೆ ನೀನು. ನಿನ್ನ ನೋವನ್ನ ಬಳಸಿಕೊಂಡು ಕಿತ್ತುಕೊಂಡ ಹಾಗಾಗ್ತಿತ್ತು."

"ಅದಕ್ಕೆ ನನ್ನನ್ನ ಬಿಟ್ಟುಕೊಟ್ಟೆಯಾ?"

ಅವಳು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

"ಏಪ್ರಿಲಿನಲ್ಲೇ ಹೇಳಬೇಕಿತ್ತು," ಅಂದಳು. "ಯಾರಿಗೂ ಹೇಳಬಾರದು ಅನ್ನೋದು ಕೆಲಸದ ನಿಯಮ. ಅದನ್ನ ನಿನ್ನ ಮೇಲೂ ಹಾಕಿದೆ. ಅದರ ಹಿಂದೆ ಅವಿತುಕೊಂಡೆ. ಅಲ್ಲಿ ಏನೂ ಸಿಗದಿದ್ದರೆ ನೀನು ಫೋನ್ ಮಾಡೋದು ನಿಲ್ಲಿಸ್ತೀಯ ಅಂತ ಭಯ ಆಗಿತ್ತು."

ಅವನ ಕೈ ನೀರಿನಲ್ಲಿ ನಿಂತಿತು.

"ಪೆದ್ದಿ," ಅಂದ. "ನಿನ್ನ ಜೊತೆ ಮಾತಾಡೋಕೆ ಅಂತ ನಾನು ಸಿಗ್ನಲ್ ಇರೋ ಕಡೆ ಲಾರಿ ನಿಲ್ಲಿಸ್ತಿದ್ದೆ. ಒಂದು ಟ್ರಿಪ್ ಕಳಕೊಂಡು. ಮೇಸ್ತ್ರಿ ಬೈದದ್ದು ನಿನಗೆ ಹೇಳಿಲ್ಲ."

"ನೀನೂ ಹೇಳಿಲ್ಲ ಹಾಗಿದ್ರೆ."

"ಇಲ್ಲ." ಅವನು ಈಗ ಅವಳ ಕಡೆ ತಿರುಗಿದ. "ಈಗ ಹೇಳ್ತೀನಿ. ನನಗೆ ನೀನು ಬೇಕು ನೇವಾ. ಸ್ಲೈಡಿನಲ್ಲಿ ಏನಿದ್ದರೂ, ಇಲ್ಲದಿದ್ದರೂ."

ಹಿಂದೆ ಯಾರೋ ಪಾತ್ರೆ ಬೀಳಿಸಿದರು. ಯಾರೋ ಬೈದರು. ನೇವಾ ಬಟ್ಟೆಯಿಂದ ಅವನ ಗಲ್ಲದ ಮೇಲಿದ್ದ ನೊರೆ ಒರೆಸಿದಳು. ಎಷ್ಟೋ ತಿಂಗಳಾದ ಮೇಲೆ ಅವಳ ಕಾಲುಗಳಿಗೆ ಎಲ್ಲಿಗೂ ಹೋಗಬೇಕು ಅನ್ನಿಸಲಿಲ್ಲ.

"ನನಗೂ," ಅಂದಳು ಕೊನೆಗೆ.

"ನಾಳೆ ಹೋಗ್ತೀಯಾ?"

"ಪಾಯೇ ಆಂಟಿ ಬೆಳಿಗ್ಗೆ ಆರಕ್ಕೇ ಹೊರಡ್ತಾರಂತೆ."

"ಅವರ ವಿಷಯ ಕೇಳಲಿಲ್ಲ."

"ನನ್ನ ಹತ್ತಿರ ಬೇರೆ ಗಾಡಿ ಇಲ್ಲವಲ್ಲ."

"ಸೋಮವಾರ ನಾನು ಗಿಸ್ಬರ್ನ್‌ಗೆ ಹೋಗ್ತೀನಿ. ಅಲ್ಲಿಂದ ಬಸ್ಸಿದೆ. ಲಾರೀಲಿ ನನ್ನ ಪಕ್ಕದ ಸೀಟಿನ ಮೇಲೆ ನಾಲ್ಕು ವರ್ಷದ ಕಸ ಬಿದ್ದಿದೆ. ಯಾರೂ ಕೂತೇ ಇಲ್ಲ ಅಲ್ಲಿ. ನಾಳೆ ತೆಗೀತೀನಿ."

"ಒಬ್ಬನೇ ಬೇಡ," ಅಂದಳು ನೇವಾ. "ನಾನೂ ಬರ್ತೀನಿ, ಇಬ್ಬರೂ ಸೇರಿ ತೆಗೆಯೋಣ."